ಅಲೆ ಅಳೆಯುವವರ ಮಗನ ಮುಡಿ

ಸಮುದ್ರವನ್ನು ಕಣ್ಣಾರೆ ನೋಡದೆ, ಹಿಂದೂಪುರದಲ್ಲಿ ಕೂತೇ ಸಮುದ್ರದ ದೆಸೆಯಿಂದ ನಗೆಪಾಟಲಾಗುವುದು ನನಗೆ ಅಭ್ಯಾಸವಾಗಿಹೋಗಿದೆ. ನನ್ನ ಗಂಡ ವೈಜಾಗಿನಲ್ಲಿ ಫಿಟ್ಟರ್. ಹಡಗಿನ ಮೂತಿಗೆ ಅಲೆ ಅಳೆಯುವ ರೇಡಾರ್ ಕೂರಿಸುವ ಕೆಲಸ. ಮಗ ಹುಟ್ಟಿದಾಗ ಬಂದವರು, "ಮುಡಿ ತೆಗೆಸೋಕೆ ಬಂದೇ ಬತ್ತೀನಿ. ನಾನಿಲ್ದೆ ಕತ್ತಿ ಮುಟ್ಟಿಸ್ಬೇಡ" ಎಂದು ಹೇಳಿ ಹೋದರು. ನಾನೂ ಮುಟ್ಟಿಸಲಿಲ್ಲ.

೧. ಜಾಗ

"ಯಾವಾಗ ಬತ್ತೀರಿ?" ಎಂದು ಫೋನಿನಲ್ಲಿ ಕೇಳಿದೆ.

"ಮಿಷನ್ ಕೂರ್ಸೋಕೆ ಜಾಗ ಸಿಗ್ತಿಲ್ಲ ಕಣೇ. ಇಲ್ಲಿಟ್ರೆ ಸರಪಳಿ ಅಡ್ಡ, ಅಲ್ಲಿಟ್ರೆ ಕ್ಯಾಪ್ಟನ್ ಬಯ್ತಾನೆ. ಹಡಗು ತಾನೇ ಎಬ್ಬಿಸಿದ ಅಲೆ ಅದರ ಕಣ್ಣಿಗೆ ಬೀಳಬಾರ್ದು. ಬೇರೆ ಅಲೆ ಮಾತ್ರ ಕಾಣ್ಬೇಕು."

"ಹಂಗಾದ್ರೆ ಅದು ನಿಮ್ಮ ಮನೆತನದ್ದೇ ಮಿಷನ್ನು ಬಿಡಿ. ತಾವೆಬ್ಬಿಸಿದ್ದು ತಮಗೆ ಕಾಣಾಕಿಲ್ಲ."

ಅಡುಗೆಮನೆಯಿಂದ ಅತ್ತೆ ಕೂಗಿದರು: "ಯಾರಿಗೆ ಕಣಮ್ಮ ಅಂತಿರೋದು?"

"ಹಡಗಿಗೆ ಅತ್ತೆ, ಹಡಗಿಗೆ."

೨. ಜಡೆ

ಮೂರು ತುಂಬಿದ ಮಗನ ಕೂದಲು ಭುಜ ದಾಟಿತು. ಕಣ್ಣಿಗೆ ಬೀಳುತ್ತದೆಂದು ಎರಡು ಜಡೆ ಹಾಕಿ ಟೇಪು ಕಟ್ಟಿದೆ. ತವರಾದ ಕಲ್ಯಾಣದುರ್ಗಕ್ಕೆ ಬಸ್ಸಿನಲ್ಲಿ ಹೋಗುವಾಗ ಪಕ್ಕದಲ್ಲಿ ಕೂತ ಅಜ್ಜಿ ಅವನ ಗಲ್ಲ ಹಿಂಡಿ, "ಎಂತ ಮುದ್ದುಗುಂದಮ್ಮಾ ಪಿಲ್ಲ! ಮಾ ಮನವಡಿಕಿ ಇಸ್ತಾವಾ?" ಎಂದು ತೆಲುಗಿನಲ್ಲಿ ತನ್ನ ಮೊಮ್ಮಗನಿಗೆ ಹೆಣ್ಣು ಕೇಳಿಯೇಬಿಟ್ಟಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮಗ ಸೀಟಿನ ಮೇಲೆ ನಿಂತು, ಚಡ್ಡಿ ಇಳಿಸಿ, ಕಿಟಕಿಯಾಚೆಗೆ ಉಚ್ಚೆ ಹೊಯ್ದ. ಸಂಬಂಧ ಅಲ್ಲಿಗೇ ಮುರಿಯಿತು.

ಊರಲ್ಲಿ ಜೀಪು ಓಡಿಸುವ ನನ್ನ ತಮ್ಮ ಹೇಳಿದ: "ಮುಡಿಗೆ ಬೇಕಿರೋದು ಸೋದರಮಾವನ ತೊಡೆ. ಭಾವ ಯಾಕಕ್ಕಾ?"

"ಈ ಮಗೀಗೆ ಅಪ್ಪ ಅಂತ ಒಬ್ಬ ಇದ್ದಾನೆ ಅಂತ ಜನಕ್ಕೆ ತೋರ್ಸೋಕೆ ಕಣ್ಲಾ."

೩. ದೃಷ್ಟಿ

ಕೊನೆಗೂ ಜಾಗ ಸಿಕ್ಕಿತು. ಹಡಗಿನ ತುತ್ತತುದಿಗೆ ಕಬ್ಬಿಣದ ತೋಳು ಹಾಕಿ, ಮಿಷನ್ನು ನೀರಿನ ಕಡೆ ಬಗ್ಗಿ ನೋಡುವಂತೆ ಬಿಗಿದರು. "ನಾಳೆ ಪರೀಕ್ಷೆ ಮುಗಿಸಿ ಬಂದ್ಬುಡ್ತೀನಿ" ಎಂದರು. ಅತ್ತೆ ಫೋನು ಕಿತ್ತುಕೊಂಡು, "ಹೊಸಾ ಮಿಷನ್ನು ಕಣಪ್ಪ, ಕಣ್ಣು ಬೀಳ್ತದೆ. ಒಂದು ಬೂದುಗುಂಬಳಕಾಯಿ ಕಟ್ಬುಡು" ಎಂದರು.

ಸಮುದ್ರದ ಮೇಲೆ ನೇತಾಡಿ ಬೋಲ್ಟು ಬಿಗಿಯುವವರಿಗೆ ತಾಯಿಯ ಮಾತು ಮೀರುವ ಧೈರ್ಯವಿಲ್ಲ. ಕಟ್ಟಿದರು. ಅದೂ ಸರಿಯಾಗಿ ರೇಡಾರಿನ ಕೆಳಗೆ.

ಮಾರನೆಯ ದಿನ ಬಂದರಿನ ನೀರು ತಟ್ಟೆಯಲ್ಲಿಟ್ಟ ಹಾಗೆ ನಿಂತಿದೆ, ಮಿಷನ್ನು ಮಾತ್ರ ಅಲೆ ಎದ್ದಿದೆ ಎನ್ನುತ್ತಿದೆ! ಬಿಚ್ಚಿದರು, ಓರೆ ತಿದ್ದಿದರು, ಮತ್ತೆ ಬಿಗಿದರು. ಅಷ್ಟರಲ್ಲಿ ಮುಡಿಗೆಂದು ಪಡೆದಿದ್ದ ರಜೆ ಮುಗಿಯಿತು. ಕಡೆಗೆ ಇಂಜಿನಿಯರು ಬಗ್ಗಿ ನೋಡಿದರೆ, ಗಾಳಿಗೆ ತೂಗುತ್ತಿದೆ ಕುಂಬಳಕಾಯಿ.

ಅತ್ತೆಗೆ ಹೇಳಿದೆ. ಅವರು ಗಲ್ಲಕ್ಕೆ ಬೆರಳಿಟ್ಟು, "ನೋಡ್ದಾ, ಎಂಥಾ ಕೆಟ್ಟ ಕಣ್ಣು! ಕಾಯಿ ಕಟ್ಟಿದ್ರೂ ಬಿತ್ತಲ್ಲ!" ಎಂದರು.

೪. ಬೋಳು

"ಇನ್ನೊಂದು ಹಡಗು ಬಂದೈತೆ. ನಿನ್ನ ತಮ್ಮನ ತೊಡೆ ಮೇಲೆ ಕೂರ್ಸಿ ಮುಡಿ ತೆಗೆಸ್ಬುಡು" ಎಂದರು ಗಂಡ. ನಾನು ಫೋನಿಟ್ಟೆ. ತಮ್ಮನ ಜೀಪಿನಲ್ಲಿ ಮನೆದೇವರ ಬೆಟ್ಟಕ್ಕೆ ಹೋದೆವು. ಎದುರುಮನೆಯವಳೂ ನಮ್ಮವನ ಓರಗೆಯ ತನ್ನ ಮಗನನ್ನು ಎತ್ತಿಕೊಂಡು ಜೀಪು ಹತ್ತಿದ್ದಳು. ಇಬ್ಬರಿಗೂ ಬೋಳು ಹೊಡೆಸಿ ಗಂಧ ಬಳಿದು ಕರೆತಂದೆವು.

ಆ ವಾರವೇ, ಹೇಳದೆ ಕೇಳದೆ, ಒಂದು ಪ್ಲಾಸ್ಟಿಕ್ ಹಡಗು ಹಿಡಿದು ನನ್ನ ಗಂಡ ಬಂದಿಳಿದರು. ಅಂಗಳದಲ್ಲಿ ಎರಡು ಬೋಳುತಲೆ. ಹುಟ್ಟಿದಾಗ ಬಿಟ್ಟರೆ ಅವರು ಮಗನನ್ನು ಕಂಡದ್ದು ಜೇಬಿನಲ್ಲಿದ್ದ ಫೋಟೋದಲ್ಲಿ; ಅದರಲ್ಲಿ ಎರಡು ಜಡೆ. ಒಂದು ಕ್ಷಣ ನೋಡಿದರು, ಆಮೇಲೆ ಎದುರುಮನೆ ಹುಡುಗನನ್ನು ಬಾಚಿ ಎತ್ತಿಕೊಂಡು ಮುದ್ದಿಟ್ಟರು.

"ಅಪ್ಪಾ ಅನ್ನು ಚಿನ್ನಾ."

ಕೈಗೆ ಹಡಗು ಸಿಕ್ಕಿದ ಮೇಲೆ ಅದಕ್ಕೇನು? "ಅಪ್ಪಾ" ಎಂದಿತು.

ಎದುರುಮನೆಯವಳು ಬಾಯಿ ತೆರೆದಳು. ನಾನು ಅವಳ ಕೈ ಅದುಮಿದೆ. ನನ್ನ ಮಗ ಕಂಬ ಹಿಡಿದು ಬೆರಳು ಚೀಪುತ್ತಾ ನೋಡುತ್ತಿದ್ದ.

ಗಂಡ ಕಣ್ಣು ಒರೆಸಿಕೊಂಡರು. "ನೋಡೇ, ಮೂಗು ಥೇಟ್ ನಂದೇ!"

"ಅದು ಎದುರುಮನೆಯೋರ ಮೂಗು ಕಣ್ರೀ. ನಿಮ್ಮದು ಕಂಬದ ಹತ್ರ ನಿಂತೈತೆ."

ಎದುರುಮನೆ ಹುಡುಗ ಅಪ್ಪಾ ಎನ್ನುವುದನ್ನು ಬಿಟ್ಟ, ಹಡಗು ಬಿಡಲಿಲ್ಲ.