ಅಳಿಸಬಾರದಾಗಿದ್ದ ಆರು ಸೆಕೆಂಡು

ಹಳೆಯ ಕೋಡ್‌ನಲ್ಲಿ ಅರ್ಥವಾಗದ ಸಾಲು ಕಂಡರೆ ಅಳಿಸಿಬಿಡುವ ಚಟ ನನಗಿತ್ತು. ಆಮೇಲೆ ಪೆಚ್ಚಾಗುವುದೂ ತಪ್ಪುತ್ತಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಚಾಮರಾಜನಗರದಲ್ಲೊಂದು, ಗುಂಡ್ಲುಪೇಟೆಯಲ್ಲೊಂದು ಲಾರಿ ತೂಗುವ ವೇ ಬ್ರಿಡ್ಜ್. ಎರಡಕ್ಕೂ ಒಬ್ಬರೇ ಯಜಮಾನರು, ಅರಿಶಿನದ ವ್ಯಾಪಾರಿ. ತೂಕವನ್ನು ಕಂಪ್ಯೂಟರಿಗೆ ಮುಟ್ಟಿಸುವ ಡ್ರೈವರ್ ಪ್ರೋಗ್ರಾಮು ಕಂಪ್ಯೂಟರಿನ ಬುನಾದಿ ತಂತ್ರಾಂಶವಾದ ಹಳೆಯ ಲಿನಕ್ಸ್ ಕರ್ನಲ್‌ಗೆ ಬರೆದದ್ದು. ಹೊಸ ಕರ್ನಲ್‌ನಲ್ಲಿ ಅದು ಏಳಲೇ ಇಲ್ಲ. ಹೊಸ ಚೌಕಟ್ಟಿಗೆ ತಿದ್ದಿ ಬರೆಯಲು ನಮ್ಮ ಆಫೀಸಿನವರು ನನ್ನನ್ನು ಕಳಿಸಿದರು. ನಾನೊಬ್ಬನೇ ಹೊತ್ತ ಮೊದಲ ಕೆಲಸ.

"ಅರಿಶಿನ ಬರೋ ಹೊತ್ಗೆ ಸರಿ ಇರ್ಬೇಕು ಕಣಪ್ಪ. ಇಲ್ದಿದ್ರೆ ಬೇರೆಯವ್ರನ್ನ ಕಳ್ಸಿ ಅಂತ ನಿಮ್ ಆಫೀಸ್ಗೆ ಫೋನ್ ಮಾಡ್ಬುಡ್ತೀನಿ" ಎಂದರು ಯಜಮಾನರು.

ಹಳೆಯ ಕೋಡ್‌ನಲ್ಲಿ, ತೂಗುವ ಬಟನ್ ಒತ್ತಿದ ಮೇಲೆ ಆರು ಸೆಕೆಂಡು ಸುಮ್ಮನೆ ಕಾಯುವ ಸಾಲೊಂದಿತ್ತು. ಪಕ್ಕದಲ್ಲಿ ಅದನ್ನು ಹಿಂದೆ ಬರೆದವರ ಟಿಪ್ಪಣಿ: "ತೆಗೆಯಬೇಡಿ. ಯಾಕೆಂದು ಗುಂಡ್ಲುಪೇಟೆಯಲ್ಲಿ ಕೇಳಿ." ನಾನು ಕೇಳಲಿಲ್ಲ. ತೆಗೆದೆ.

ಬೇಗ ಬಂದ ತೂಕ

ಚಾಮರಾಜನಗರದಲ್ಲಿ ಬಟನ್ ಒತ್ತಿದ ಕೂಡಲೇ ತೂಕ ಬಂತು. ನಾನು ಬೀಗುತ್ತಾ ನಿಂತೆ. ಸಂತೆಮರಹಳ್ಳಿ ಕಡೆಯ ರೈತರೊಬ್ಬರು ಇಷ್ಟು ಬೇಗ ಬಂದ ತೂಕದ ಚೀಟಿ ಮುಟ್ಟಲೇ ಇಲ್ಲ.

"ಇದು ತೂಗ್ನೇ ಇಲ್ಲ ಕಣ್ಲಾ. ಇನ್ನೊಂದ್ಸಲ ಆಕು."

ಅವರ ಹಿಂದಿನ ಲಾರಿಗಳವರೂ ಹಾಗೇ ಅಂದರು. ಒಂದೊಂದು ಲಾರಿಯೂ ಮೂರು ಮೂರು ಸಲ ಹತ್ತಿತು. ನಾನು ಉಳಿಸಿದ ಆರು ಸೆಕೆಂಡಿನಿಂದ ಲಾರಿಗಳ ಸಾಲು ರಸ್ತೆಗೆ ಬಂತು. ಜನ ಒಗ್ಗಿಕೊಳ್ಳುತ್ತಾರೆಂದು ಆ ಸಾಲನ್ನು ಮಾತ್ರ ನಾನು ವಾಪಸ್ ಹಾಕಲಿಲ್ಲ.

ಅಲುಗಾಡುವ ಅರ್ಧ ಟನ್

ಗುಂಡ್ಲುಪೇಟೆಯಲ್ಲಿ ಪರೀಕ್ಷೆಗೆ ಅರ್ಧ ಟನ್ ಬೇಕಿತ್ತು. ಅಲ್ಲಿ ಬಟನ್ ಒತ್ತುವ ಭಾಯ್ ಎಂಟು ಜನ ಹಮಾಲಿಗಳನ್ನು ತಂದು ನಿಲ್ಲಿಸಿದರು. ನಾನು ಒಳಗೆ ಕೂತು ನೋಡಿದರೆ ತೂಕ ಅರವತ್ತು ಕೆಜಿ ಇಳಿಯುತ್ತದೆ, ಮತ್ತೆ ಏರುತ್ತದೆ. ಒಂದು ಗಂಟೆ ಕೋಡ್ ಜಾಲಾಡಿದೆ. ಕೊನೆಗೆ ಹೊರಗೆ ಬಂದು ಎಣಿಸಿದರೆ ಏಳೇ ಜನ.

"ಟೀ ಕುಡಿಯಕ್ಕೆ ಓಗವ್ನೆ ಸಾರ್" ಎಂದರು ಭಾಯ್. "ಎಲ್ಲಾ ಒಟ್ಗೆ ಓದ್ರೆ ನಿಮ್ ಕೆಲ್ಸ ನಿಂತೋಯ್ತದೆ ಅಂತ ಒಬ್ಬೊಬ್ರನ್ನೇ ಕಳಿಸ್ತಾವ್ನಿ."

ಅಜ್ಜಿ

ಅರಿಶಿನ ಬರತೊಡಗಿತು. ಮೂರನೇ ದಿನ ಯಜಮಾನರು ಗುಂಡ್ಲುಪೇಟೆಗೇ ಬಂದರು, ಕೈಯಲ್ಲಿ ಫೋನು. ಗೋಡೌನ್‌ನಲ್ಲಿ ಮತ್ತೆ ತೂಗಿಸಿದರೆ ಪ್ರತಿ ಲೋಡೂ ಮೂರ್ನಾಲ್ಕು ಮೂಟೆಯಷ್ಟು ಕಡಿಮೆಯಂತೆ. ನನಗೆ ನಿಜಕ್ಕೂ ಭಯವಾಯಿತು. ಆಗ ಭಾಯ್‌ಗೆ ಆ ಆರು ಸೆಕೆಂಡಿನ ವಿಷಯ ಕೇಳಿದೆ.

"ಮೂಟೆ ಮೇಲೆ ಜನ ಕೂತ್ಕೊಂಡ್ ಬತ್ತಾರಲ್ಲ ಸಾರ್. ನಾನು ಬಟನ್ ಒತ್ಬುಟ್ಟು 'ಇಳೀರಿ' ಅಂತ ಕೂಗ್ತೀನಿ. ತೂಕ ಬರೋ ಹೊತ್ಗೆ ಇಳ್ದಿರ್ತಾರೆ."

"ಇಳಿಸಿದ ಮೇಲೆ ಒತ್ತಬಾರದಾ?"

"ಒತ್ಬುಟ್ಟು ಕೂಗೋದೇ ನಮ್ ಪದ್ಧತಿ."

ಮೂಟೆ ಇಳಿಸಿ ಖಾಲಿ ಲಾರಿ ತೂಗಿ ಕಳೆಯುವಾಗ ಆ ಜನ ಅದರ ಮೇಲಿರುವುದಿಲ್ಲ. ಯಜಮಾನರಿಗೆ ಲೆಕ್ಕ ಹೊಳೆಯಿತು. "ಅಂದ್ರೆ ಮೂರ್ ದಿನದಿಂದ ನಾನು ರೈತ್ರನ್ನೂ ಕೊಂಡ್ಕೋತಾ ಇದೀನಾ?"

ಅವರೆದುರೇ ಆರು ಸೆಕೆಂಡನ್ನು ವಾಪಸ್ ಹಾಕಿದೆ. ಮುಂದಿನ ಲಾರಿ ಬಂತು. ಭಾಯ್ ಒತ್ತಿದರು, ಕೂಗಿದರು. ಎಲ್ಲರೂ ಧುಮುಕಿದರು. ಎಲೆಅಡಿಕೆ ಚೀಲ ಹಿಡಿದ ಅಜ್ಜಿಯೊಬ್ಬರು ಇನ್ನೂ ಅರ್ಧದಲ್ಲಿದ್ದಾಗಲೇ ತೂಕ ಬಂದುಬಿಟ್ಟಿತು. ಯಜಮಾನರು ಫೋನ್ ಎತ್ತಿದರು.

"ಹಳೇದ್ರಲ್ಲೂ ಆರೇ ಇತ್ತಲ್ಲ ಭಾಯ್" ಎಂದೆ ಗಾಬರಿಯಾಗಿ.

"ಇತ್ತು ಸಾರ್. ಆವಾಗ ಅಜ್ಜಿಗೆ ಮಂಡಿ ನೋವಿರ್ಲಿಲ್ಲ."

ಯಜಮಾನರು ನಕ್ಕು ಫೋನನ್ನು ಜೇಬಿಗೆ ಹಾಕಿಕೊಂಡರು. ನಾನು ಆರನ್ನು ಹತ್ತು ಮಾಡಿ, ಮುಂದೆ ಬರುವವರಿಗಾಗಿ ಪಕ್ಕದಲ್ಲಿ ಬರೆದೆ: "ತೆಗೆಯಬೇಡಿ. ಅಜ್ಜಿ ಇಳಿಯಬೇಕು."