ಯಾವ ಸ್ಮಿತ್, ಯಾರ ಪೈಕಿ?

ನನ್ನಂಥ ಪ್ರಸಿದ್ಧ ವ್ಯಕ್ತಿ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಫ್ರೀವೇ ಹಿಡಿದು ಸೆರಿಟೋಸ್‌ನ ನಮ್ಮ ಮನೆಗೆ ಬಂದು ಬೆಲ್ ಮಾಡುತ್ತವೆ. ಆರ್ಟೀಸಿಯಾದ ತರಕಾರಿ ಅಂಗಡಿಯಿಂದ ಸ್ಯಾನ್ ಡಿಯಾಗೋದ ಸಮುದ್ರದವರೆಗೆ ಈ ರಾವ್ ಯಾರೆಂದು ಗೊತ್ತಿಲ್ಲದ ಮನುಷ್ಯನಿಲ್ಲ. ಹೊಸಬರು ಯಾರೇ ಸಿಗಲಿ, ಎರಡು ಲೋಟ ಕಾಫಿ ಮುಗಿಯುವುದರೊಳಗೆ ಅವರಿಗೂ ಉಡುಪಿಗೂ ಒಂದು ನಂಟು ಹುಡುಕಿ ತೆಗೆಯುವುದು ನನ್ನ ವಿದ್ಯೆ. ಆ ವಿದ್ಯೆ ಒಮ್ಮೆ, ಒಮ್ಮೆ ಮಾತ್ರ, ಕೈಕೊಟ್ಟಿತು.

ಅಟ್ಟದ ಮೇಲಿನ ಸೂಟ್‌ಕೇಸ್

ಎಲ್ಲರೂ ಮಾಸ್ಕ್ ಕಳಚಿದ ವರ್ಷ ಮಗಳು ತಾನು ಮದುವೆಯಾಗುವ ಹುಡುಗನ ಹೆಸರು ಹೇಳಿದಳು. ಕೊನೆಯಲ್ಲಿ ಸ್ಮಿತ್. ಮನೆ ಸ್ಯಾನ್ ಡಿಯಾಗೋದಲ್ಲಿ. ಹುಡುಗ ಬಂಗಾರ, ನನ್ನ ಹೆಂಡತಿ ಮಾಡಿದ ಪತ್ರೊಡೆಯನ್ನು ಮೂರು ಸಲ ಹಾಕಿಸಿಕೊಂಡವನು. ನಾನು ಅಲ್ಲೇ ಒಪ್ಪಿದೆ. ಆದರೆ ಉಡುಪಿಯಲ್ಲಿ ನನ್ನ ಅಕ್ಕ ಇದ್ದಾಳಲ್ಲ! ಅಮ್ಮ ಹೋದಮೇಲೆ ನನ್ನನ್ನು ಸಾಕಿದವಳು. ಫೋನ್ ಮಾಡಿದೆ.

"ಸ್ಮಿತ್ ಅಂದ್ರೆ ಯಾವ ಸ್ಮಿತ್ ಮಾರಾಯ? ಯಾರ ಪೈಕಿ?"

"ಇಲ್ಲಿ ಹಾಗೆಲ್ಲ ಕೇಳುವ ಕ್ರಮ ಇಲ್ಲ ಅಕ್ಕ."

"ಅಲ್ಲಿ ಇಲ್ಲದಿದ್ದರೆ ಇಲ್ಲಿ ಉಂಟು. ಗೊತ್ತಾಗುವವರೆಗೆ ನಾನು ಅಟ್ಟದಿಂದ ಸೂಟ್‌ಕೇಸ್ ಇಳಿಸುವುದಿಲ್ಲ."

ಮಗಳ ಮುಖ ಬಾಡಿತು. "ಅಪ್ಪಾ, ಐ ವಾಂಟ್ ಅತ್ತೆ ದೇರ್" ಅಂದಳು. ನಾನು ಮೀಸೆ ತಿರುವಿ, "ಒಂದು ವಾರ ಕೊಡು, ಸ್ಮಿತ್ ವಂಶವನ್ನೇ ಬಿಡಿಸಿ ಇಡುತ್ತೇನೆ" ಎಂದೆ. ನನಗೆ ಮೀಸೆ ಇಲ್ಲ. ಆದರೂ ತಿರುವಿದೆ.

ದೊಡ್ಡವರ ಪಟ್ಟಿ

ಮರುದಿನವೇ ಕಂಪ್ಯೂಟರ್ ಮುಂದೆ ಕೂತೆ. ಅಬ್ಬಬ್ಬಾ! ಅರ್ಥಶಾಸ್ತ್ರ ಬರೆದವರಲ್ಲಿ ಸ್ಮಿತ್, ಕ್ರಿಕೆಟ್ ಆಡಿದವರಲ್ಲಿ ಸ್ಮಿತ್, ಹಾಲಿವುಡ್‌ನಲ್ಲಿ ಸ್ಮಿತ್, ಹಾಡುವವರಲ್ಲಿ ಸ್ಮಿತ್, ಹಡಗು ಹತ್ತಿ ಹೊಸ ನೆಲ ಹುಡುಕಿದವರಲ್ಲೂ ಸ್ಮಿತ್. ನಾಲ್ಕು ಪುಟ ಆಯಿತು. ಹರಿಕಥೆ ದಾಸರ ಧಾಟಿಯಲ್ಲಿ ಅಕ್ಕನಿಗೆ ಓದಿ ಹೇಳಿದೆ. ಅವಳು ಕೊನೆಯವರೆಗೂ ಹೂಂಗುಟ್ಟಿದಳು. ಗೆದ್ದೆ ಅಂದುಕೊಂಡೆ.

"ಇಷ್ಟೆಲ್ಲ ದೊಡ್ಡ ಜನ ಇದ್ದಾರಲ್ಲ," ಅಂದಳು, "ಇವರಲ್ಲಿ ಒಬ್ಬನಾದರೂ ಹುಡುಗನ ನಾಮಕರಣಕ್ಕೆ ಬಂದಿದ್ದನಾ?"

"ಇಲ್ಲ ಅಕ್ಕ..."

"ಮತ್ತೆ ಅವರ ಸುದ್ದಿ ನಮಗೆಂತಕ್ಕೆ? ತೊಟ್ಟಿಲು ತೂಗಿದ್ದು ಯಾರು, ಅದು ಹೇಳು."

ಹಲ್ಲಿನ ಡಾಕ್ಟರು

ನಮ್ಮ ಹಲ್ಲಿನ ಡಾಕ್ಟರೂ ಸ್ಮಿತ್ ಎಂದು ಆಗ ಹೊಳೆಯಿತು. ಹಲ್ಲು ನೋಯದಿದ್ದರೂ ಅಪಾಯಿಂಟ್‌ಮೆಂಟ್ ತಗೊಂಡೆ. ಕುರ್ಚಿಯಲ್ಲಿ ಒರಗಿಕೊಂಡು, "ಸ್ಯಾನ್ ಡಿಯಾಗೋದ ಸ್ಮಿತ್‌ಗಳು ನಿಮಗೆ ಏನಾಗಬೇಕು?" ಎಂದೆ.

"ನನಗೆ ನನ್ನ ಮುತ್ತಜ್ಜನ ಹೆಸರೇ ಗೊತ್ತಿಲ್ಲ" ಎಂದು ನಕ್ಕರು. "ನಿಮಗೆ ಎಷ್ಟು ತಲೆಮಾರು ಗೊತ್ತು?"

"ಏಳು!" ಎಂದೆ. ಅಪ್ಪನ ಹೆಸರು, ಅಜ್ಜನ ಹೆಸರು ಹೇಳಿ ಮುತ್ತಜ್ಜನಿಗೆಂದು ಬಾಯಿ ತೆರೆದೆ. ಅದೇ ಸಮಯ ಎಂದು ಅವರು ಡ್ರಿಲ್ ಇಟ್ಟರು. ನಮ್ಮ ವಂಶ ಇವತ್ತಿಗೂ ಆ ಕುರ್ಚಿಯಲ್ಲಿ ಅಜ್ಜನ ಹತ್ತಿರವೇ ನಿಂತಿದೆ.

ಒಂದೇ ಆಫೀಸು

ಸ್ಯಾನ್ ಡಿಯಾಗೋದ ಕರ್ನಿ ಮೆಸಾದಲ್ಲಿ ಕೆಲಸ ಮಾಡುವ ಬೆಂಗಳೂರಿನ ಇಂಜಿನಿಯರ್ ಒಬ್ಬನಿಗೆ ಫೋನ್ ಹಚ್ಚಿದೆ. "ಅಂಕಲ್, ನಮ್ ಟೀಮಲ್ಲೇ ಮೂರು ಜನ ಸ್ಮಿತ್ ಇದಾರೆ. ಒಬ್ಬರಿಗೊಬ್ಬರು ಸಂಬಂಧಾನೇ ಇಲ್ಲ. ಮೀಟಿಂಗಲ್ಲಿ ಜಗಳ ಬೇರೆ. ಮುಖ ಕೊಟ್ಟು ಮಾತಾಡಲ್ಲ, ಲಂಚ್‌ಗೂ ಕರೆಯಲ್ಲ."

"ಹಾಗಾದರೆ ಖಂಡಿತ ದಾಯಾದಿಗಳು" ಎಂದೆ.

ಯಾವ ರಾವ್?

ವಾರ ಕಳೆಯಿತು. ಭಾನುವಾರ ಬೆಳಗಿನ ತಿಂಡಿಗೆ ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್‌ನ ಹುಡುಗನ ಮನೆಗೆ ಹೊರಟೆವು. ದಾರಿಯುದ್ದಕ್ಕೂ ಮಗಳದು ಒಂದೇ ಮಾತು: "ಅಪ್ಪಾ, ಪ್ರಾಮಿಸ್. ನೋ ಕ್ವೆಶ್ಚನ್ಸ್." ಹೆಂಡತಿ ಹಿಂದಿನ ಸೀಟಿನಿಂದ, "ನೀವು ಬಾಯಿಗೆ ತಿಂಡಿ ಹಾಕಿಕೊಂಡೇ ಇರಿ, ಸಾಕು" ಎಂದಳು.

ನಾನು ಕೊಟ್ಟ ಮಾತಿಗೆ ತಪ್ಪುವವನಲ್ಲ. ವಿಡಿಯೋ ಕಾಲ್‌ನಲ್ಲಿದ್ದ ಅಕ್ಕನನ್ನು ಹಣ್ಣಿನ ಬುಟ್ಟಿಗೆ ಒರಗಿಸಿ ನಿಲ್ಲಿಸಿ, ಸುಮ್ಮನೆ ಪ್ಯಾನ್‌ಕೇಕ್ ತಿನ್ನುತ್ತ ಕೂತೆ. ಎದುರಿಗೆ ಹುಡುಗನ ಅಜ್ಜಿ, ಎಂಬತ್ತು ದಾಟಿದವರು. ಹುಡುಗನನ್ನು ತೊಟ್ಟಿಲಿನಿಂದ ಸಾಕಿದವರು ಅವರೇ ಎಂದು ಆಗ ತಿಳಿಯಿತು. ಕನ್ನಡಕ ಹಾಕಿಕೊಂಡರು. ಮಡಚಿದ ಕಾಗದವೊಂದನ್ನು ಬಿಚ್ಚಿದರು.

"ಮಿಸ್ಟರ್ ರಾವ್, ನೀವು ಯಾವ ರಾವ್?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಪ್ಯಾನ್‌ಕೇಕ್ ತಟ್ಟೆಗೆ ವಾಪಸ್ ಇಟ್ಟೆ. ಇಂಥ ಪ್ರಶ್ನೆಯನ್ನು ಜೀವಮಾನವಿಡೀ ಕೇಳಿದವನು ನಾನು; ಕೇಳಿಸಿಕೊಂಡದ್ದು ಅದೇ ಮೊದಲು.

"ನನ್ನ ಹೃದಯದ ಡಾಕ್ಟರ್ ಒಬ್ಬ ರಾವ್," ಅಜ್ಜಿ ಕಾಗದ ನೋಡಿ ಓದಿದರು. "ಟ್ಯಾಕ್ಸ್ ಮಾಡಿಕೊಡುವವರು ಒಬ್ಬ ರಾವ್. ಎದುರು ಮನೆಯಲ್ಲಿ ಒಬ್ಬ ರಾವ್. ಮೊಮ್ಮಗನ ಮದುವೆ, ಸುಮ್ಮನೆ ಬಿಡಲಿಕ್ಕಾಗುತ್ತದೆಯೆ? ಸೆರಿಟೋಸ್‌ನ ರಾವ್ ಹೇಗೆ ಎಂದು ಮೂವರಲ್ಲೂ ವಿಚಾರಿಸಿದೆ."

ನಾನು ಕಾಲರ್ ಸರಿಮಾಡಿಕೊಂಡೆ. "ಏನು ಹೇಳಿದರು?"

"ಇಬ್ಬರು ನಿಮ್ಮ ಹೆಸರೇ ಕೇಳಿಲ್ಲ ಎಂದರು."

"ಮತ್ತೆ ಮೂರನೆಯವರು?"

"ಚೆನ್ನಾಗಿ ಗೊತ್ತು ಎಂದರು," ಅಜ್ಜಿ ಕಾಗದ ಮಡಚಿ, ನನ್ನ ಕೈ ತಟ್ಟಿದರು. "ಆದರೂ ಈ ಮದುವೆಗೆ ನನ್ನ ಒಪ್ಪಿಗೆ ಇದೆ."

ಹಣ್ಣಿನ ಬುಟ್ಟಿಯಿಂದ ಅಕ್ಕ ಕೂಗಿದಳು: "ಎಂತ ಹೇಳಿದ್ರು ಮಾರಾಯ?"

ಹೇಗೆ ತಿರುಗಿಸಿ ಹೇಳಲಿ ಎಂದು ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ, ಹುಟ್ಟಿದಾಗಿನಿಂದ ಒಂದು ಪೂರ್ತಿ ವಾಕ್ಯ ಕನ್ನಡದಲ್ಲಿ ಆಡದ ನನ್ನ ಮಗಳು, ಅಜ್ಜಿಯ ಅಷ್ಟೂ ಮಾತನ್ನು ಒಂದಕ್ಷರ ತಪ್ಪದೆ ಕನ್ನಡಕ್ಕೆ ಇಳಿಸಿದಳು. "ಆದರೂ" ಎಂಬಲ್ಲಿ ತುಸು ಒತ್ತು ಕೊಟ್ಟೇ ಹೇಳಿದಳು.

ಅಕ್ಕ ನಕ್ಕ ನಗುವಿಗೆ ಫೋನ್ ಜಾರಿ ಬಾಳೆಹಣ್ಣಿನ ಮೇಲೆ ಅಡ್ಡ ಬಿತ್ತು. ಅಲ್ಲಿಂದಲೇ ಹೇಳಿದಳು:

"ಈ ಅಜ್ಜಿ ಯಾರ ಪೈಕಿ ಅಂತ ಇನ್ನು ಕೇಳಬೇಡ ಮಾರಾಯ. ನಮ್ಮ ಪೈಕಿಯೇ! ಸೂಟ್‌ಕೇಸ್ ಇಳಿಸ್ತೇನೆ."