ಟವೆಲ್ಲಿನ ಕೆಳಗೆ ಗಿಟಾರ್ ವ್ಯಾಪಾರ

ಮನುಷ್ಯನಿಗೆ ಆಸೆಪಟ್ಟ ವಸ್ತು ಸಿಗಬೇಕು, ಆದರೆ ಒಂದಿಷ್ಟು ಮುಕ್ಕಾಗಿಯೇ ಸಿಗಬೇಕು ಎಂಬುದು ನನ್ನ ಅಭಿಪ್ರಾಯ. ತೀರಾ ಚೆಂದದ್ದು ಸಿಕ್ಕರೆ ಅದನ್ನು ಬಳಸುವ ಧೈರ್ಯವೇ ಬರುವುದಿಲ್ಲ. ಪಾತ್ರೆ ಅಂಗಡಿ ಇಟ್ಟುಕೊಂಡವನಾಗಿ ಇದನ್ನು ನಾನು ದಿನವೂ ನೋಡುತ್ತೇನೆ. ಥಳಥಳ ಹೊಳೆಯುವ ಹೊಸ ಕೊಡ ಕೊಂಡೊಯ್ದ ಹೆಣ್ಣುಮಗಳು ಅದನ್ನು ಅಟ್ಟಕ್ಕೇರಿಸಿ, ಸೊಂಟಕ್ಕೆ ಸರಿಯಾಗಿ ತಗ್ಗು ಬಿದ್ದ ಹಳೇ ಕೊಡದಲ್ಲೇ ನೀರು ಹೊರುತ್ತಾಳೆ. 'ಹೊಸಾದು ಯಾವಾಗ ತೆಗೀತೀಯವ್ವಾ?' ಎಂದು ಕೇಳಿದರೆ, 'ಮನ್ಯಾಗೇನಾರ ಕಾರ್ಯ ಆದಾಗ' ಎನ್ನುತ್ತಾಳೆ. ಕಾರ್ಯವಾದಾಗ ಯಾರಾದರೂ ಅದನ್ನು ಬೀಳಿಸಿಯಾರೆಂದು ಮತ್ತೆ ಹಳೆಯದನ್ನೇ ತೆಗೆಯುತ್ತಾಳೆ. ಇಂಥವರನ್ನು ಕಂಡು ನಾನು ಗಲ್ಲೆಯ ಹಿಂದೆ ಕೂತು ಸಾಕಷ್ಟು ನಕ್ಕಿದ್ದೇನೆ. ಆ ಪಾಪವೇ ಗಿಟಾರಿನ ರೂಪದಲ್ಲಿ ನಮ್ಮ ಮನೆಗೆ ಬಂತೆಂದು ಕಾಣುತ್ತದೆ.

ಗಿಟಾರಿನ ಸಂಗತಿಗೆ ಮೊದಲು ನನ್ನ ಹೆಸರಿನ ಸಂಗತಿ ಹೇಳಬೇಕು. ನಮ್ಮ ಕೊಟ್ಟೂರಿನಲ್ಲಿ ಮನೆಗೊಬ್ಬ ಕೊಟ್ರೇಶಿ. ಬಜಾರಿನಲ್ಲಿ ನಿಂತು 'ಲೇ ಕೊಟ್ರೇಶಿ' ಎಂದು ಒಂದು ಕೂಗು ಹಾಕಿದರೆ ಅರ್ಧ ಬಜಾರು ತಿರುಗಿ ನೋಡುತ್ತದೆ, ಉಳಿದರ್ಧ ತನ್ನ ಮಗನನ್ನು ಯಾರು ಕರೆದರೆಂದು ನೋಡುತ್ತದೆ. ಹಾಗಾಗಿ ಇಲ್ಲಿ ಹೆಸರಿಗಿಂತ ಹೆಸರಿನ ಮುಂದೆ ಏನು ಸೇರುತ್ತದೆ ಎಂಬುದೇ ಮುಖ್ಯ. ಹಾಲಿನ ಕೊಟ್ರೇಶಿ, ಸೈಕಲ್ ಕೊಟ್ರೇಶಿ, ಎರಡು ಹೆಂಡ್ರ ಕೊಟ್ರೇಶಿ. ಅಪ್ಪನ ಅಂಗಡಿಯ ದೆಸೆಯಿಂದ ನಾನು ಹುಟ್ಟುವಾಗಲೇ ಪಾತ್ರಿ ಕೊಟ್ರೇಶಿಯಾಗಿದ್ದೆ. ಸಾಯುವಾಗಲೂ ಹಾಗೇ ಸಾಯಬೇಕಿತ್ತು. ಆದರೆ ನಾನು ಕಷ್ಟಪಟ್ಟು ಗಿಟಾರ್ ಕಲಿತು, ಆರ್ಕೆಸ್ಟ್ರಾ ಸೇರಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಗಣೇಶನ ಪೆಂಡಾಲುಗಳಲ್ಲೆಲ್ಲ ಬಾರಿಸಿ, ಗಿಟಾರ್ ಕೊಟ್ರೇಶಿಯಾದೆ. ಅಂಚೆಯವನೂ ಹಾಗೇ ಕರೆಯುತ್ತಿದ್ದ. ನನ್ನ ಜೀವನದಲ್ಲಿ ನಾನೇ ದುಡಿದು ಸಂಪಾದಿಸಿದ್ದು ಅಂತ ಇದ್ದರೆ ಅದೊಂದೇ, ಉಳಿದದ್ದೆಲ್ಲ ಅಪ್ಪನದು.

ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಿದ್ದದ್ದು ಒಂದು ಹಳೇ ಗಿಟಾರ್. ಅದರ ಸ್ವಭಾವ ಬಹಳ ಒಳ್ಳೆಯದಿತ್ತು. ಸರಿ ಬಾರಿಸಿದರೂ ತಪ್ಪು ಬಾರಿಸಿದರೂ ಒಂದೇ ತರಹ ಗೊಗ್ಗರು ದನಿ ತೆಗೆಯುತ್ತಿತ್ತು. ಹೀಗಿರುವಾಗ ಹುಬ್ಬಳ್ಳಿಗೆ ಅಂಗಡಿಯ ಮಾಲು ತರಲು ಹೋದವನು ವಾದ್ಯದಂಗಡಿಯೊಂದರ ಗಾಜಿನ ಹಿಂದೆ ಜೇನಿನ ಬಣ್ಣದ ಗಿಟಾರೊಂದನ್ನು ಕಂಡೆ. ಆಮೇಲೆ ವರ್ಷಗಟ್ಟಲೆ ಯಾವುದೇ ನೆಪ ಹೇಳಿ ಹುಬ್ಬಳ್ಳಿಗೆ ಹೋದರೂ ನಾನು ಹೋಗುತ್ತಿದ್ದದ್ದು ಆ ಗಾಜಿನ ಮುಂದಕ್ಕೆ. ಕೊನೆಗೊಂದು ದಿನ ಕೊಂಡೇಬಿಟ್ಟೆ. ಬಸ್ಸಿನಲ್ಲಿ ಕೌದಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು ಬಂದೆ. ಕಂಡಕ್ಟರ್ ಕೌದಿಯ ಉದ್ದ ನೋಡಿ, 'ಕೂಸಿಗೆ ಆರಾಮಿಲ್ಲೇನ್ರಿ?' ಎಂದು ಮರುಕಪಟ್ಟ. ಹಳೆಯದನ್ನು ನನ್ನ ಗೆಳೆಯ ದಾದಾಪೀರನ ಗ್ಯಾರೇಜಿಗೆ ಕೊಟ್ಟೆ. ದಾದಾಪೀರ ಹಗಲು ಮೋಟಾರ್ ಸೈಕಲ್ ಮೆಕ್ಯಾನಿಕ್, ರಾತ್ರಿ ನಮ್ಮ ಆರ್ಕೆಸ್ಟ್ರಾದ ಡ್ರಮ್ ಬಾರಿಸುವವನು.

ಹೊಸ ಗಿಟಾರ್ ಮನೆಗೆ ಬಂದ ದಿನವೇ ಒಂದು ಸತ್ಯ ಗೊತ್ತಾಯಿತು. ಅದು ಯಾವುದನ್ನೂ ಮುಚ್ಚಿಡುವ ಜಾತಿಯದಲ್ಲ. ನಾನು ಮಾಡಿದ ಪ್ರತಿಯೊಂದು ತಪ್ಪನ್ನೂ ಸ್ವಚ್ಛವಾಗಿ, ಇಂಪಾಗಿ, ಇಡೀ ಓಣಿಗೆ ಕೇಳುವಂತೆ ಹೇಳುತ್ತಿತ್ತು. ಜೊತೆಗೆ ಅದರ ಮೈಗೆ ಉಗುರು ತಾಗಿದರೂ ನನ್ನ ಜೀವ ಹೋದಂತಾಗುತ್ತಿತ್ತು. ನೆಲಕ್ಕಿಟ್ಟರೆ ಇಲಿ, ಗೋಡೆಗೆ ಆನಿಸಿದರೆ ಮಕ್ಕಳ ಚೆಂಡು. ಹಾಗಾಗಿ ಮನೆಯಲ್ಲಿದ್ದ ಒಂದೇ ಒಂದು ಮಂಚದ ಮೇಲೆ ಅದನ್ನು ಮಲಗಿಸಿ, ನಾವೆಲ್ಲ ಕೆಳಗೆ ಚಾಪೆ ಹಾಸಿಕೊಂಡೆವು. ಅಷ್ಟರಲ್ಲಿ ನಮ್ಮ ಆರ್ಕೆಸ್ಟ್ರಾದವರು ಒಂದು ಕೀಬೋರ್ಡ್ ತಂದರು. ಅದರಲ್ಲಿ 'ಗಿಟಾರ್' ಎಂದು ಬರೆದ ಒಂದು ಗುಂಡಿ ಇತ್ತು. ನನ್ನ ಯೌವನವನ್ನೆಲ್ಲ ತಿಂದ ವಿದ್ಯೆ ಆ ಗುಂಡಿಯಷ್ಟೇ ದಪ್ಪವಿತ್ತೆಂದು ಆವತ್ತು ತಿಳಿಯಿತು. ನನ್ನನ್ನು ಯಾರೂ ಬಿಡು ಎನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ.

ನನ್ನ ಹೆಂಡತಿ ವಿಜಯ ಜಗಳಗಂಟಿಯಲ್ಲ. ಎರಡು ವರ್ಷ ಚಾಪೆಯ ಮೇಲೆ ಮಲಗಿ ಎದ್ದ ಮೇಲೆ, ಒಂದು ಬೆಳಿಗ್ಗೆ ಸೊಂಟ ಹಿಡಿದುಕೊಂಡು ಹೇಳಿದಳು: 'ನೋಡ್ರಿ, ಒಂದs ಮಾತು. ಬಾರಸ್ರಿ, ಇಲ್ಲಾ ಮಾರ್ರಿ.' ನನಗೆ ಸಿಟ್ಟು ಬಂತು. ಮಾತು ಸರಿಯಿದ್ದಾಗ ನನಗೆ ಸಿಟ್ಟು ಹೆಚ್ಚು. ಗಿಟಾರ್ ಹೋದರೆ ನಾನು ಮತ್ತೆ ಪಾತ್ರಿ ಕೊಟ್ರೇಶಿ, ಅದು ಇವಳಿಗೇನು ಗೊತ್ತು ಎಂದುಕೊಂಡೆ. ದಾದಾಪೀರನನ್ನು ಕೇಳಿದೆ. ಅವನು ಪ್ಲಗ್ ಒರೆಸುತ್ತ, 'ಯಾರ್, ಓಡಿಸದ ಗಾಡಿ ಮನಿ ಮುಂದ ನಿಂತ್ರ ಮೊದಲು ಟೈರ್ ಹೋಗ್ತಾವ, ಆಮ್ಯಾಲೆ ಮರ್ಯಾದಿ ಹೋಗ್ತೈತಿ. ಕೊಟ್ಬಿಡು' ಎಂದ. ಸಿಟ್ಟಿನಲ್ಲೇ ಮನೆಗೆ ಬಂದು, 'ಮಾರ್ತೀನಿ, ಆತಾ?' ಎಂದೆ. ವಿಜಯ ಅದೇ ವಾರ ತನ್ನ ಸೋದರಮಾವ ಹಾಲಪ್ಪನನ್ನು ಕರೆಸಿದಳು.

ಹಾಲಪ್ಪ ಮಾವ ದನದ ದಲ್ಲಾಳಿ. ನಾಲ್ಕು ಕಾಲಿಲ್ಲದ ಯಾವುದನ್ನೂ ಅವನು ಈವರೆಗೆ ಮಾರಿರಲಿಲ್ಲ. ಆದರೆ 'ಮಾರೋದು ಅಂದ್ರ ಮಾರೋದು, ಕಾಲು ಎಷ್ಟಿದ್ರೇನು' ಎಂಬುದು ಅವನ ನಂಬಿಕೆ. ಮಂಚದ ಮೇಲಿನ ಗಿಟಾರನ್ನು ನೋಡಿ, 'ಇದೇನಳಿಯಾ, ಬಾಣಂತಿ ಮಲಗಿಸಿದಂಗ ಮಲಗಿಸೀ! ಹೊರಗ ತಾ, ಬೆಳಕಿನ್ಯಾಗ ನೋಡೂಣು' ಎಂದ. ಕಟ್ಟೆಯ ಮೇಲಿಟ್ಟುಕೊಂಡು ತಂತಿ ಬಿಗಿಯುವ ಕಿವಿಗಳನ್ನು ಎಣಿಸಿ, 'ಆರು ಹಲ್ಲು. ಪ್ರಾಯ ಐತಿ' ಎಂದ. ತಿರುಗಿಸಿ ಬೆನ್ನು ನೋಡಿದ. ಮರದ ಗೆರೆಗಳು ಒಂದು ಕಡೆ ಸುತ್ತಿಕೊಂಡಿದ್ದವು. 'ಸುಳಿ ಐತಿ. ಇಲ್ಲಿ ಇದ್ರ ಕೊಂಡವ್ರಿಗೆ ಭಾಳ ಚಲೋ.'

'ಮಾರಿದವ್ರಿಗೆ?' ಎಂದೆ.

'ಮಾರಿದವ್ರದು ಯಾರು ಕೇಳ್ತಾರ?' ಎಂದವನೇ, ಒಳಗೆ ಗಟ್ಟಿಯಿದೆಯೋ ಟೊಳ್ಳೋ ನೋಡಲು ಬೆಳ್ಳಿಯುಂಗುರದ ಕೈಯಿಂದ ಗಿಟಾರಿನ ಹೊಟ್ಟೆಗೆ ಎರಡು ಬಾರಿ ಬಡಿದು, ಹಾಗೇ ಎತ್ತಿನ ಮೈ ಸವರಿದಂತೆ ಮೇಲಿನಿಂದ ಕೆಳಗೆ ಸವರಿದ. ಕರ್ ಎಂದಿತು. ಗೇಣುದ್ದದ ಗೀರು.

ಹಿರಿಯರ ಮೇಲೆ ನಾನು ದನಿಯೆತ್ತಿದ್ದು ಅದೇ ಮೊದಲು. ಓಣಿಯವರು ಬಾಗಿಲಿಗೆ ಬಂದರು. ಹಾಲಪ್ಪ ಮಾವ ಒಂದಿಷ್ಟೂ ಅಲುಗಲಿಲ್ಲ. 'ಯಾಕ ಒದರ್ತೀ? ಮೈಮ್ಯಾಲೆ ಒಂದು ಗೀರಿಲ್ಲದ ಎತ್ತು ಕಂಡ್ರ ಗಿರಾಕಿ ನಂಬಂಗಿಲ್ಲ. ದುಡಿದಿಲ್ಲ ಇದು, ಮೈಗಳ್ಳ ಐತಿ ಅಂತಾನ' ಎಂದು, ವಿಜಯಳ ಕಡೆ ತಿರುಗಿ ಒಂದು ಚಮಚ ಶೇಂಗಾ ಎಣ್ಣೆ ತರಲು ಹೇಳಿದ. ಗೀರಿನ ಮೇಲೆ ಎಣ್ಣೆ ತಿಕ್ಕಿದ. ಆಮೇಲೆ ತನ್ನ ವ್ಯಾಪಾರದ ಮುಖ್ಯ ನಿಯಮ ಹೇಳಿದ: 'ಸಂತಿಗೆ ಹೊಡಿಯೋ ಮುಂಚೆ ಎತ್ತಿಗೆ ಒಂದು ವಾರ ದಿನಾ ಗಳೆ ಹೂಡಿ ದುಡಿಸಬೇಕು. ಕಟ್ಟಿದಲ್ಲೇ ಮೇದ ಎತ್ತು ಗಿರಾಕಿ ಮುಂದ ಮಕಾಡಿ ಬೀಳ್ತೈತಿ. ಇವತ್ತಿಂದ ಬಾರಸು. ಹಡಗಲಿಯಿಂದ ಗಿರಾಕಿ ಕರ್ಕೊಂಡು ಬರ್ತೀನಿ, ಮಾತು ಕೊಟ್ಟು ಬಂದೀನಿ.'

ಎಣ್ಣೆ ವಾಸನೆಯ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಆ ಸಂಜೆ ಅಳುವ ಹಾಗೆ ಕೂತಿದ್ದೆ. ಸುಮ್ಮನೆ ಒಮ್ಮೆ ಮೀಟಿದೆ. ಇನ್ನೊಮ್ಮೆ ಮೀಟಿದೆ. ವಿಚಿತ್ರವೆಂದರೆ ಹೆದರಿಕೆಯೇ ಇರಲಿಲ್ಲ. ಆಗಬಾರದ್ದು ಆಗಿಹೋಗಿತ್ತು, ಇನ್ನು ಹೆದರುವುದು ಯಾವುದಕ್ಕೆ? ಬೆರಳ ತುದಿಯ ಚರ್ಮ ಮೆತ್ತಗಾಗಿದ್ದರಿಂದ ಎರಡು ದಿನ ಉರಿಯಿತು, ಮೂರನೆಯ ದಿನ ಗಟ್ಟಿಯಾಯಿತು. ದಾದಾಪೀರ ಗ್ಯಾರೇಜ್ ಮುಚ್ಚಿ ಬಂದು, ನನ್ನ ಅಂಗಡಿಯ ಅಲ್ಯೂಮಿನಿಯಂ ಡಬರಿಯೊಂದನ್ನು ಬೋರಲು ಹಾಕಿ ತಾಳ ಹಿಡಿದ. ತಪ್ಪುಗಳನ್ನು ಗಿಟಾರ್ ಎಂದಿನಂತೆ ಊರಿಗೆಲ್ಲ ಹೇಳುತ್ತಿತ್ತು, ಹೇಳಲಿ ಬಿಡು ಅನ್ನಿಸಿತು. ಗಿಟಾರ್ ಮಂಚದಿಂದಿಳಿದು ಪಡಸಾಲೆಯ ಮೊಳೆಗೆ ಹೋಯಿತು. ವಿಜಯ ಮೊರದಲ್ಲಿ ಅಕ್ಕಿ ಹಾಕಿಕೊಂಡು ಬಂದು ಬಾಗಿಲಲ್ಲಿ ಕೂರತೊಡಗಿದಳು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದುದನ್ನು ನಾನು ನೋಡಿದೆ, ನೋಡಿದೆನೆಂದು ಹೇಳಲಿಲ್ಲ. ಎಷ್ಟೋ ವರ್ಷಗಳಿಂದ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಇಲ್ಲಿಯೇ ಎಡವಟ್ಟಾದದ್ದು. ಮಾರುವುದಕ್ಕೆಂದು ಬಾರಿಸತೊಡಗಿದವನಿಗೆ ಬಾರಿಸತೊಡಗಿದ ಮೇಲೆ ಮಾರುವ ಮನಸ್ಸಿಲ್ಲ. ಆದರೆ ದಲ್ಲಾಳಿ ಮಾತು ಕೊಟ್ಟಾಗಿತ್ತು. ಮಾಲು ತೋರಿಸಿ ಕೊಡುವುದಿಲ್ಲವೆಂದರೆ ಅವನು ನಾಳೆ ಸಂತೆಯಲ್ಲಿ ಮುಖ ಎತ್ತುವುದು ಹೇಗೆ? ವಿಜಯಳಿಗೆ ಮೆಲ್ಲಗೆ ಹೇಳಿ ನೋಡಿದೆ. 'ಮಾವನ ಮಾತು ಹೋಗ್ತೈತ್ರಿ' ಎಂದಷ್ಟೇ ಹೇಳಿ, ಅಕ್ಕಿಯ ಮೊರ ಎತ್ತಿಕೊಂಡು ಒಳಗೆ ಹೋದಳು.

ಗಿರಾಕಿ ಬಂದರು. ಹಡಗಲಿಯ ಮಲ್ಲಿಗೆ ಹೂವಿನ ವ್ಯಾಪಾರಿ ಮಲ್ಲಪ್ಪನವರು, ಮನೆಯಲ್ಲಿ ಜೋಡೆತ್ತು ಕಟ್ಟಿದವರು. ಕಾಲೇಜಿಗೆ ಹೋಗುವ ಮಗಳು ಗಿಟಾರ್ ಬೇಕೆಂದು ಊಟ ಬಿಟ್ಟಿದ್ದಳಂತೆ. ವಿಜಯಳ ಕೈಗೆ ಹೂವಿನ ಪೊಟ್ಟಣ ಕೊಟ್ಟು ಜಮಖಾನೆಯ ಮೇಲೆ ಕೂತರು. ದಾದಾಪೀರನ ಡಬರಿಯ ತಾಳಕ್ಕೆ ನಾನು ಒಂದು ಹಾಡು ಬಾರಿಸಿದೆ. ಅವರು ತಲೆದೂಗಿ, 'ಭೇಷ್, ಮಾಲು ಚಲೋ ಐತಿ' ಎಂದರು. ನನ್ನನ್ನು ಹೊಗಳಿದ್ದೋ ಗಿಟಾರನ್ನೋ ತಿಳಿಯಲಿಲ್ಲ. 'ನಡೀರಿ ಹಂಗಾದ್ರ' ಎಂದು ಹಾಲಪ್ಪ ಮಾವ ಹೆಗಲ ಟವೆಲ್ ತೆಗೆದ.

ದನದ ಸಂತೆ ಕಂಡವರಿಗೆ ಈ ಪದ್ಧತಿ ಗೊತ್ತು. ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ದಲ್ಲಾಳಿಯ ಕೈ ಬರುತ್ತದೆ, ಅದರ ಎಷ್ಟು ಬೆರಳು ಹಿಡಿದರೆ ಅಷ್ಟು ದರ. ಮೊದಲು ಮಾರುವವನ ಕೈ, ಆಮೇಲೆ ಕೊಳ್ಳುವವನ ಕೈ, ಹೊಂದುವ ತನಕ ದಲ್ಲಾಳಿ ಆ ಕಡೆ ಈ ಕಡೆ. ಟವೆಲ್ ಬಿದ್ದ ಮೇಲೆ ಯಾರೂ ತುಟಿ ಬಿಚ್ಚಬಾರದು. ಪಾತ್ರೆಯನ್ನು ತಕ್ಕಡಿಗೆ ಹಾಕಿ ದರ ಕೂಗಿ ಮಾರುವ ನನಗೆ ಇದು ಹೊಸದು. ಹಿಡಿಯುವ ರೀತಿಯನ್ನು ಮಾವ ಬೆಳಿಗ್ಗೆಯೇ ಹೇಳಿಕೊಟ್ಟಿದ್ದ, ಎರಡು ಬೆರಳು ಹಿಡಿ ಸಾಕು ಎಂದಿದ್ದ.

ಟವೆಲ್ಲಿನ ಕತ್ತಲೆಯಲ್ಲಿ ಅವನ ಕೈ ಬಂತು. ಉದ್ದಕ್ಕೆ, ಗಟ್ಟಿಗೆ, ಮರದ ಹಾಗಿತ್ತು. ನನ್ನ ಎಡಗೈ ತಾನಾಗಿ ಹೋಗಿ ಅದನ್ನು ಹಿಡಿಯಿತು. ತೋರುಬೆರಳು ಅವನ ನಾಲ್ಕೂ ಬೆರಳುಗಳ ಮೇಲೆ ಅಡ್ಡಡ್ಡ ಮಲಗಿತು, ಉಳಿದವು ಅಲ್ಲಲ್ಲಿ ಒತ್ತಿಕೊಂಡವು. ಮಾವನ ಹುಬ್ಬು ಮೇಲೇರಿತು. ಇಡೀ ಕೈ ಹಿಡಿದರೆ ಏನು ದರವೋ ನನಗೆ ಗೊತ್ತಿಲ್ಲ, ಅವನಿಗೆ ಗೊತ್ತಿತ್ತು. ಮಲ್ಲಪ್ಪನವರ ಕಡೆ ಹೋದ. ಅವರು ಬೆಚ್ಚಿ, ಸಾವರಿಸಿಕೊಂಡು, ಏನೋ ಹಿಡಿದು ಕಳಿಸಿದರು. ಮಾವ ತಿರುಗಿ ಬಂದು, ಇಳಿ ಎಂಬಂತೆ ಕಣ್ಣು ಮಿಟುಕಿಸಿದ. ಬಾಯಿ ಬಿಡುವಂತಿಲ್ಲ. ಗಾಬರಿಯಲ್ಲಿ ನನ್ನ ಕೈ ಇಳಿಯುವ ಬದಲು ಅವನ ಮಣಿಕಟ್ಟಿನ ಕಡೆಗೆ ಜಾರಿ ಇನ್ನೂ ಬಿಗಿಯಾಯಿತು. ಮೂರನೆಯ ಸಲ ಬಂದಾಗ ಬಿಡಿಸಿಕೊಳ್ಳಲು ಅವನು ಎಳೆದಾಡಬೇಕಾಯಿತು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, 'ನನ್ನ ಜಲ್ಮದಾಗ ಇಂಥಾದ್ದು ಕಂಡಿಲ್ಲ. ಗಿರಾಕಿ ಏರಿಸಿದಂಗೆಲ್ಲ ಮಾರೋನೂ ಏರಸ್ತಾನ! ವ್ಯಾಪಾರ ಮುರೀತು' ಎಂದ.

ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಮಲ್ಲಪ್ಪನವರು ಜೋರಾಗಿ ನಕ್ಕುಬಿಟ್ಟರು. 'ಹೋಗ್ಲಿ ಬಿಡ್ರಿ ಹಾಲಪ್ಪ. ಮನಸಿಲ್ಲದ ಮನಿಯಿಂದ ಎತ್ತು ತಂದ್ರ ನೀರು ಕುಡಿಯಂಗಿಲ್ಲ. ಹುಡುಗಿಗೆ ಒಂದು ಸಾದಾ ಗಿಟಾರ್ ಕೊಡಸ್ತೀನಿ. ಮೇಷ್ಟ್ರ, ನೀವು ಐತವಾರಕ್ಕೊಮ್ಮೆ ಬಂದು ಕಲಸ್ರಿ.' ನನ್ನನ್ನು ಯಾರಾದರೂ ಮೇಷ್ಟ್ರೇ ಎಂದದ್ದು ಅದೇ ಮೊದಲು. ಅವರನ್ನು ದಾದಾಪೀರ ಬಸ್ಸಿಗೆ ಹತ್ತಿಸಿ ಬರುವ ತನಕವೂ ಅದು ಕಿವಿಯಲ್ಲೇ ಇತ್ತು.

ಮಾವ ಮಾತ್ರ ಬಿಡಲಿಲ್ಲ. 'ಬೇಕಂತ ಮಾಡಿದಿ' ಎಂದ. ನಾನು ಪ್ರಮಾಣ ಮಾಡಿದೆ. 'ಇಲ್ಲ ಮಾವ. ವಾರದಿಂದ ಬಾರಿಸಿ ಬಾರಿಸಿ ಬೆರಳಿಗೆ ಚಟ ಬಿದ್ದೈತಿ. ನಿಮ್ಮ ಕೈ ಸಿಕ್ಕ ಕೂಡ್ಲೇ ಎಫ್ ಕಾರ್ಡ್ ಹಿಡಿದ್ಬಿಟ್ಟಾವ. ತಂತಿ ಅನಕಂಡಾವ ಅವು.' ಹೇಳುತ್ತ ಹೇಳುತ್ತ ನನಗೇ ಆ ಮಾತು ಬಹಳ ಹಿಡಿಸಿತು. ವ್ಯಾಪಾರದ ನಡುವೆಯೂ ಯಾರ ಬೆರಳು ತಮ್ಮಷ್ಟಕ್ಕೆ ತಾವೇ ಸಂಗೀತ ನುಡಿಸುತ್ತವೆಯೋ ಅವನೇ ಅಲ್ಲವೇ ನಿಜವಾದ ಕಲಾವಿದ? ಒಂದೇ ಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ, ಉಳಿದವನ್ನು ಅಲ್ಲಲ್ಲಿ ಒತ್ತಿ ಹಿಡಿಯಬೇಕಾದ ಈ ಎಫ್ ಎಷ್ಟು ಕಠಿಣವಾದ ಕಾರ್ಡ್, ಎಂಥೆಂಥವರೂ ಅದಕ್ಕೆ ಹೆದರುತ್ತಾರೆ ಎಂಬುದನ್ನೂ ವಿವರಿಸಿದೆ.

ಮಲ್ಲಿಗೆ ಕಟ್ಟುತ್ತ ಕೂತಿದ್ದ ವಿಜಯ ತಲೆ ಎತ್ತದೆ ಹೇಳಿದಳು: 'ಹಂಗಾದ್ರ ಅದನ್ನs ಗಿಟಾರ್ ಮ್ಯಾಲೆ ಹಿಡಿದು ತೋರಸ್ರಿ. ನಾವೂ ಕೇಳ್ತೀವಿ.'

ಹಾಲಪ್ಪ ಮಾವ ಎದ್ದು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ತಂತಿಗಳ ಮೇಲೆ ಇಟ್ಟ. ದಲ್ಲಾಳಿಯ ಕೈ, ಎಲ್ಲಿ ಎಷ್ಟು ಒತ್ತಿದರೆಂಬುದನ್ನು ಮರೆಯುವುದಿಲ್ಲ. 'ಇದು ಇಲ್ಲಿ. ಇದು ಹಿಂಗ. ಇದು ಇಷ್ಟು ಬಿಗಿ. ಈಗ ಬಾರಸು.'

ಬಾರಿಸಿದೆ. ಡೊಬ್ ಎಂದಿತು. ಇನ್ನೊಮ್ಮೆ ಬಾರಿಸಿದೆ. ದಾದಾಪೀರ ಜಂತಿಯ ಕಡೆ ನೋಡುತ್ತ, 'ಲೇ, ಇದು ಎಫ್ ಅಲ್ಲ' ಎಂದ.

'ಹಂಗಾದ್ರ ಜಿ ಇರಬೇಕು.'

'ಜಿನೂ ಅಲ್ಲ. ಇದು ಯಾವ ಕಾರ್ಡೂ ಅಲ್ಲಪಾ. ಬರೇ ಗಟ್ಟಿ ಹಿಡಕೊಂಡೀ, ಅಷ್ಟ.'

ವಿಜಯಳ ಭುಜ ಕುಲುಕುತ್ತಿತ್ತು. ನಾನು ಮುಖ ಬಿಗಿದುಕೊಂಡು, ಬೆರಳು ಅಲ್ಲಾಡಿಸದೆ, ಮೂರನೆಯ ಸಲ ಬಾರಿಸಿ ನೋಡಿದೆ. ಹೌದು, ಬರೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.